ಬಯಲುಸೀಮೆಯ ಅಂಗಳಕ್ಕೆ ಬಣ್ಣದೆಲೆಯ ಅಕಾಲಿಫಾ

ಹೂವಿಗಾಗಿ ಕಾಯದೆ ವರ್ಷವಿಡೀ ಎಲೆಯಲ್ಲೇ ಬಣ್ಣ ತೋರುವ, ಬೇಗ ಹಬ್ಬಿ ಬೇಲಿಯಾಗುವ ಗಿಡಗಳಿಗೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಮನೆಯಂಗಳಗಳಲ್ಲಿ ಬೇಡಿಕೆಯಿದೆ. ಆದರೆ ಗಿಡ ಹೇಗೆ ಹಬ್ಬುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. 19ನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಂದಕ್ಕೆಂದೇ ಬಂದ ಅಮೆರಿಕ ಮೂಲದ ಲಂಟಾನ, ಹಕ್ಕಿಗಳು ತಿಂದು ಉದುರಿಸಿದ ಬೀಜದಿಂದ ದೇಶದ ಕಾಡುಗಳನ್ನೆಲ್ಲ ಆಕ್ರಮಿಸಿತು. ಅದರ ಸೊಪ್ಪು ತಿಂದ ದನ, ಕುರಿಗಳ ಯಕೃತ್ತು ಕೆಡುತ್ತದೆ. ಕುರಿಗಳನ್ನೇ ನಂಬಿದ ಕುಟುಂಬಗಳಿರುವ ಜಿಲ್ಲೆಗೆ ಇದು ಸಣ್ಣ ಸಂಗತಿಯಲ್ಲ.

ಇಂದು ಎಲ್ಲೆಡೆ ಕಾಣುವ ಹೊಂಬಣ್ಣದ ಡ್ಯುರಾಂಟಾ ಸಹ ಕತ್ತರಿ ತಪ್ಪಿದರೆ ಹಳದಿ ಕಾಯಿ ಬಿಡುತ್ತದೆ. ಕಾಯಿ ಮಕ್ಕಳಿಗೆ ವಿಷ. ಹಕ್ಕಿಗಳು ಅದನ್ನು ದೂರಕ್ಕೆ ಒಯ್ಯುತ್ತವೆ.

ತಾಮ್ರಗೆಂಪು ಎಲೆಯ ಅಕಾಲಿಫಾ ಇವೆರಡಕ್ಕಿಂತ ಮೇಲು. ಪೆಸಿಫಿಕ್ ದ್ವೀಪಗಳಿಂದ ಬಂದ ಇದು ನಮ್ಮ ಹೊಲಬದಿಯ ಕುಪ್ಪಿಗಿಡದ ದಾಯಾದಿ. ಹಕ್ಕಿಗಳನ್ನು ಕರೆಯುವ ರಸಭರಿತ ಹಣ್ಣು ಇದಕ್ಕಿಲ್ಲ. ಕಡ್ಡಿ ನೆಟ್ಟಲ್ಲಿ ಮಾತ್ರ ಬೆಳೆಯುತ್ತದೆನ್ನಬಹುದು. ಹಾಗೆಂದು ಸವರಿದ ಸೊಪ್ಪನ್ನು ಕೊಟ್ಟಿಗೆಗೆ ಹಾಕುವುದು ಬೇಡ.

ಪೆನ್ಸಿಲ್ ದಪ್ಪದ, ಅರೆಬಲಿತ ಗೇಣುದ್ದದ ಕಡ್ಡಿಗಳನ್ನು ಜೂನ್‌ ತಿಂಗಳಿನಲ್ಲಿ ಮರಳು ಬೆರೆತ ಮಣ್ಣಿನ ಚೀಲದಲ್ಲಿ ನೆರಳಿನಲ್ಲಿಟ್ಟು ಬೇರು ಬರಿಸಬೇಕು. ಜಿಲ್ಲೆಯಲ್ಲಿ ಮಳೆ ಹೆಚ್ಚುವುದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಆದ್ದರಿಂದ ಉತ್ತರೆ, ಹಸ್ತ ಮಳೆಗೆ ನೆಲಕ್ಕಿಳಿಸಿದರೆ ನೀರು ಹೊರುವ ಕೆಲಸ ಉಳಿಯುತ್ತದೆ. ಬೇಲಿಗೆ ಎರಡು ಅಡಿ ಅಂತರ ಸಾಕು. ಹಿರಿಯೂರಿನ ಎರೆಮಣ್ಣಿನಲ್ಲಿ ನೀರು ನಿಂತು ಬೇರು ಕೊಳೆಯುವುದರಿಂದ ಗುಂಡಿಗೆ ಕೆಂಪು ಮಣ್ಣು, ಮರಳು ಬೆರೆಸಿ ಏರುಮಡಿಯಲ್ಲಿ ನೆಡುವುದು ಲೇಸು. ಹೊಳಲ್ಕೆರೆಯ ಅಡಿಕೆ ತೋಟದ ದಟ್ಟ ನೆರಳಿನಲ್ಲಿ ಕೆಂಪು ಮಾಸಿ ಎಲೆ ಹಸಿರಿಗೆ ತಿರುಗುತ್ತದೆ. ಅರ್ಧ ದಿನವಾದರೂ ಬಿಸಿಲು ಬೇಕು.

ಅಕಾಲಿಫಾ ಬರಗಾಲದ ಗಿಡವಲ್ಲ. ಎಲೆ ಅಗಲವಾದುದರಿಂದ ಮಾರ್ಚ್ ಬಂತೆಂದರೆ ಬಾಡುತ್ತದೆ. ಕೊಳವೆಬಾವಿಯ ನೀರನ್ನು ಇದಕ್ಕೆ ಹರಿಸುವುದು ದುಬಾರಿ ಶೋಕಿ. ಪಾತ್ರೆ ತೊಳೆದ ನೀರು ಸಾಕು, ಸಾಬೂನು ಹೆಚ್ಚಿರಬಾರದು. ಹೊಸದುರ್ಗದ ಕಡೆ ಬೇಕಾದಷ್ಟು ಸಿಗುವ ತೆಂಗಿನ ಸಿಪ್ಪೆಯನ್ನು ಬುಡಕ್ಕೆ ಹೊದಿಸಿದರೆ ತೇವ ಆರದು. ಬೇಸಿಗೆಯಲ್ಲಿ ಎಲೆಯಡಿ ಕೆಂಪು ನುಸಿ ಕಂಡರೆ ನೀರು ಚಿಮ್ಮಿಸಿ ತೊಳೆಯಬೇಕು; ಹಿಟ್ಟುತಿಗಣೆಗೆ ಬೇವಿನೆಣ್ಣೆಯ ಸಿಂಪಡಣೆ. ಕುಡಿ ಚಿವುಟುವ ಕೆಲಸವನ್ನು ಬಿಸಿಲು ಇಳಿದು ಮುಂಗಾರು ಹಿಡಿದ ಮೇಲೆ ಮಾಡಿದರೆ ಕವಲುಗಳು ಒತ್ತಾಗಿ ಬರುತ್ತವೆ, ಸವರಿದ ಕಡ್ಡಿಗಳು ಪಕ್ಕದ ಮನೆಯವರಿಗೂ ಆಗುತ್ತವೆ.