ಪೇಟೆಯ ಓಣಿ, ಊರಾಚೆಯ ಬಡಾವಣೆ

ಪಟ್ಟಣವಾಸವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಎತ್ತರವಾದ ಕಟ್ಟಡ, ಅಗಲವಾದ ರಸ್ತೆ, ಸಾಲು ದೀಪ. ಇಷ್ಟರಿಂದಲೇ ಒಂದು ಕೇರಿಗೆ ಪೇಟೆಯ ಕಳೆ ಬರುವುದೆ? ನಮ್ಮ ಜಿಲ್ಲೆಯ ಊರುಗಳನ್ನೇ ನೋಡಿ ವಿಚಾರ ಮಾಡೋಣ.

ಸರ್ಕಾರದ ಲೆಕ್ಕ ಸರಳವಾದುದು. ಪುರಸಭೆ, ನಗರಸಭೆಗಳಿರುವ ಊರನ್ನು ಜನಗಣತಿಯವರು ಪಟ್ಟಣವೆಂದೇ ಎಣಿಸುತ್ತಾರೆ. ಉಳಿದವಕ್ಕೆ ಮೂರು ಅಳತೆಗಳುಂಟು: ಕನಿಷ್ಠ 5,000 ಜನಸಂಖ್ಯೆ, ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಮಂದಿಯಾದರೂ ಬೇಸಾಯವಲ್ಲದ ವೃತ್ತಿಯವರು, ಚದರ ಕಿಲೋಮೀಟರಿಗೆ 400 ಜನ. ಸಿರುಗುಪ್ಪ, ಕುರುಗೋಡುಗಳು ಸರ್ಕಾರದ ಕಡತದಲ್ಲಿ ಪಟ್ಟಣಗಳೇ. ಆದರೆ ಸಿರುಗುಪ್ಪದ ವ್ಯಾಪಾರ ಇಂದಿಗೂ ಭತ್ತವನ್ನೂ ಅಕ್ಕಿ ಗಿರಣಿಯನ್ನೂ ನೆಚ್ಚಿದೆ. ದೊಡ್ಡಬಸವೇಶ್ವರನ ಕುರುಗೋಡಿನಲ್ಲಿಯೂ ಹೊಲ ಮನೆಗಳ ನಂಟು ಹರಿದಿಲ್ಲ. ಆದುದರಿಂದ ಕಡತದ ಪಟ್ಟಣವೇ ಬೇರೆ, ಅನುಭವದ ಪೇಟೆಯೇ ಬೇರೆ.

ಹಾಗಾದರೆ ಪೇಟೆತನ ಎಲ್ಲಿದೆ? ಬಳ್ಳಾರಿ ಇದಕ್ಕೆ ಉತ್ತರ ಹೇಳುತ್ತದೆ. 1800ರಲ್ಲಿ ಈ ಸೀಮೆ ನಿಜಾಮನಿಂದ ಕಂಪೆನಿ ಸರ್ಕಾರಕ್ಕೆ ಬಂದ ಮೇಲೆ ಇಲ್ಲಿ ದಂಡು ನೆಲೆಯೂರಿತು. ಕಂಟೋನ್ಮೆಂಟು, ಕೌಲ್ ಬಜಾರು ಎರಡೂ ದಂಡಿನ ಕಾಲದಲ್ಲಿ ಕೋಟೆಯ ಹೊರಗೆ ಬೆಳೆದವು. ಆದರೆ ಒಂದು, ವಿಶಾಲವಾದ ಆವರಣಗಳ ನಡುವೆ ಬಂಗಲೆಗಳನ್ನು ಹರಡಿಕೊಂಡಿತು. ಮತ್ತೊಂದು, ಅಂಗಡಿ ಮನೆಗಳನ್ನು ಒತ್ತೊತ್ತಾಗಿ ಕಟ್ಟಿಕೊಂಡಿತು. ಕೌಲ್ ಬಜಾರಿನಲ್ಲಿ ಇಂದಿಗೂ ವಾಸವೂ ದುಡಿಮೆಯೂ ಒಂದೇ ಓಣಿಯಲ್ಲಿವೆ. ಬಳ್ಳಾರಿಗೆ ಹೆಸರು ತಂದ ಜೀನ್ಸ್ ಹೊಲಿಗೆ ಮನೆಮನೆಗಳಲ್ಲಿಯೂ ನಡೆಯುತ್ತದೆ. ಊರ ನಡುವಿನಿಂದ ಎಷ್ಟು ದೂರವೆಂಬುದಲ್ಲ, ಮನೆಯ ಹತ್ತಿರ ಏನೇನಿದೆ ಎಂಬುದೇ ಇಲ್ಲಿ ಮುಖ್ಯ.

ಅಮೆರಿಕದ ಲೇಖಕಿ ಜೇನ್ ಜೇಕಬ್ಸ್ 1961ರ ತಮ್ಮ ಗ್ರಂಥದಲ್ಲಿ ಇದನ್ನೇ ವಾದಿಸಿದರು. ವಾಸ, ವ್ಯಾಪಾರ, ದುಡಿಮೆ ಬೆರೆತರೆ ಬೀದಿಯಲ್ಲಿ ಹೊತ್ತುಹೊತ್ತಿಗೂ ಜನರಿರುತ್ತಾರೆ. ಜನರ ಕಣ್ಣೇ ಬೀದಿಗೆ ಕಾವಲು.

ಒತ್ತೊತ್ತಾದ ಓಣಿಯಲ್ಲಿ ಗಾಳಿ ಬೆಳಕುಗಳ ಕೊರತೆ, ಚರಂಡಿಯ ತೊಂದರೆ ಉಂಟೆಂಬುದನ್ನು ಮರೆಯಬಾರದು. ಆ ಕಷ್ಟಕ್ಕೆ ಅಂಜಿಯೇ ನಾವು ಊರಾಚೆ ಬರಿಯ ಮನೆಗಳ ಬಡಾವಣೆ ಕಟ್ಟುತ್ತಿದ್ದೇವೆ. ಅಲ್ಲಿ ಗಾಳಿಯುಂಟು, ಬೆಳಕುಂಟು. ಹಾಲು, ಔಷಧಿ, ಬಸ್ಸು ಮಾತ್ರ ದೂರ. ವಾಹನವುಳ್ಳವರಿಗೆ ಇದು ದೊಡ್ಡ ಮಾತಲ್ಲ. ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ಒಂದು ಮಾತ್ರೆಗಾಗಿ ಮೈಲಿ ನಡೆಯಬೇಕಾದ ಮುದುಕಿಗೆ, ಕತ್ತಲಾದ ಮೇಲೆ ನಿರ್ಜನ ರಸ್ತೆಯಲ್ಲಿ ಮನೆ ಸೇರಬೇಕಾದ ವಿದ್ಯಾರ್ಥಿನಿಗೆ ಅದೇ ದೊಡ್ಡ ಮಾತು.

ನಾಳೆ ನಮ್ಮಲ್ಲಿಯೂ ಕೆಲವರು ಮನೆ ಕಟ್ಟುವರು, ಕೆಲವರು ನಕ್ಷೆಗೆ ಮಂಜೂರಾತಿ ಕೊಡುವರು. ನಿವೇಶನಗಳನ್ನು ಎಣಿಸುವಾಗ ಮೂಲೆಯಂಗಡಿಗೆ, ನೆರಳಿನ ಮರಕ್ಕೆ, ಬಸ್ ನಿಲ್ದಾಣಕ್ಕೆ ಅವರು ಜಾಗ ಬಿಡಲಿ. ಕಾಲ್ನಡಿಗೆಯವನಿಗೂ ಬದುಕು ಎಟಕುವ ಕೇರಿಯೇ ನಿಜವಾದ ಪೇಟೆ.