ಡಬ್ಬಿ ಬಿಚ್ಚಿ, ಮಂಡಕ್ಕಿ ತುಂಬಿ: ಪ್ರಾಥಮಿಕ ತರಗತಿಗಳಲ್ಲಿ ಘನಾಕೃತಿ ಮತ್ತು ಅಳತೆ

ಪುಸ್ತಕದ ಪುಟದಲ್ಲಿ ಬರೆದ ಘನದ ಚಿತ್ರದಲ್ಲಿ ಕಣ್ಣಿಗೆ ಬೀಳುವುದು ಮೂರು ಮುಖ, ಒಂಬತ್ತು ಅಂಚು, ಏಳು ಶೃಂಗ ಮಾತ್ರ. ಕೈಯಲ್ಲಿ ಹಿಡಿದ ಘನಕ್ಕಾದರೆ ಆರು ಮುಖ, ಹನ್ನೆರಡು ಅಂಚು, ಎಂಟು ಶೃಂಗಗಳಿವೆ. ಕಾಣದ ಭಾಗವನ್ನು ಚುಕ್ಕೆ ಗೆರೆಯಲ್ಲಿ ತೋರಿಸುವ ರೂಢಿಯಿದೆ. ಆದರೆ ಅದು ದೊಡ್ಡವರು ಮಾಡಿಕೊಂಡ ಒಪ್ಪಂದ. ಯಾರೂ ಹೇಳಿಕೊಡದೆ ಮಗುವಿಗೆ ಅರ್ಥವಾಗುವಂಥದ್ದಲ್ಲ. ಚಿತ್ರದಲ್ಲಿ ಮೇಲಿನ ಮುಖ ಮತ್ತು ಪಕ್ಕದ ಮುಖ ಓರೆಯಾಗಿಯೂ ಇರುತ್ತವೆ. ಘನದ ಮುಖಗಳೆಲ್ಲ ಚೌಕ ಎಂದು ಬಾಯಿಪಾಠ ಮಾಡಿಸಿ, ಚೌಕವಲ್ಲದ ಮುಖಗಳನ್ನು ತೋರಿಸಿದರೆ ಮಗು ಕಣ್ಣನ್ನು ನಂಬಬೇಕೋ ಕಿವಿಯನ್ನೋ? ಪ್ರಾಥಮಿಕ ಹಂತದಲ್ಲಿ ಘನಾಕೃತಿಗಳ ಪಾಠ ಎಡವುವುದು ಹೆಚ್ಚಾಗಿ ಇಲ್ಲೇ.

ಆದ್ದರಿಂದ ಮೊದಲು ವಸ್ತು, ಆಮೇಲೆ ಚಿತ್ರ. ಇದು ಇವತ್ತಿನ ಮಾತಲ್ಲ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಬ್ಲಾಂಕೆನ್‌ಬರ್ಗ್‌ನಲ್ಲಿ ಪುಟ್ಟ ಮಕ್ಕಳಿಗಾಗಿ ಸಂಸ್ಥೆ ತೆರೆದರು. ಅದಕ್ಕೇ ಮುಂದೆ ಕಿಂಡರ್‌ಗಾರ್ಟನ್ ಎಂಬ ಹೆಸರು ಬಂತು. ಅವರು ರೂಪಿಸಿದ ಕಲಿಕಾ ಸಾಮಗ್ರಿಗಳಲ್ಲಿ ಮರದ ಗೋಳ, ಘನ ಮತ್ತು ಸಿಲಿಂಡರ್ ಮುಖ್ಯವಾದವು. ನಮ್ಮ ತರಗತಿಗೆ ಮರದ ಆಟಿಕೆಯೇ ಬೇಕೆಂದಿಲ್ಲ. ಒಂದು ರಟ್ಟನ್ನು ಇಳಿಜಾರಾಗಿಟ್ಟು ಗೋಲಿ, ಬೆಂಕಿಪೊಟ್ಟಣ, ಹಳೆಯ ಬ್ಯಾಟರಿ ಸೆಲ್ ಬಿಟ್ಟರೆ ಸಾಕು. ಗೋಲಿ ಹೇಗಿಟ್ಟರೂ ಉರುಳುತ್ತದೆ, ಬೆಂಕಿಪೊಟ್ಟಣ ಹೇಗಿಟ್ಟರೂ ಜಾರುತ್ತದೆ, ಸೆಲ್ ಮಲಗಿಸಿದರೆ ಉರುಳಿ ನಿಲ್ಲಿಸಿದರೆ ಜಾರುತ್ತದೆ. ಚಪ್ಪಟೆ ಮುಖ, ವಕ್ರ ಮುಖ ಎಂಬ ಪದಗಳು ಇದಾದ ಮೇಲೆ ಬಂದರೆ ಅವಕ್ಕೆ ಅರ್ಥವಿರುತ್ತದೆ. ನಾಣ್ಯವನ್ನು ಬಹುಪಾಲು ಮಕ್ಕಳು ವೃತ್ತ ಎನ್ನುತ್ತಾರೆ. ಹತ್ತು ನಾಣ್ಯ ಪೇರಿಸಿದಾಗ ಸಿಲಿಂಡರ್ ಆಗುವುದನ್ನು ನೋಡಿದವರು, ಒಂದು ನಾಣ್ಯವೂ ತೆಳ್ಳಗಿನ ಸಿಲಿಂಡರೇ ಎಂದು ತಾವೇ ಹೇಳುತ್ತಾರೆ.

ಹೆಸರು ಗುರುತಿಸುವುದಕ್ಕೂ ಗುಣ ತಿಳಿಯುವುದಕ್ಕೂ ಅಂತರವಿದೆ. ಡಚ್ ಶಿಕ್ಷಕ ದಂಪತಿ ಪಿಯರ್ ವಾನ್ ಹೀಲೆ ಮತ್ತು ಡೀನಾ ವಾನ್ ಹೀಲೆ 1957ರಲ್ಲಿ ರೇಖಾಗಣಿತದ ಕಲಿಕೆಯನ್ನು ಹಂತಗಳಾಗಿ ವಿಂಗಡಿಸಿ ತೋರಿಸಿದರು. ಮೊದಲ ಹಂತದ ಮಗು ಆಕೃತಿಯನ್ನು ಒಟ್ಟು ನೋಟದಿಂದ ಗುರುತಿಸುತ್ತದೆ: ಇದು ಡಬ್ಬಿಯಂತಿದೆ, ಆದ್ದರಿಂದ ಆಯತಘನ. ಅದೇ ಡಬ್ಬಿಯನ್ನು ಓರೆಯಾಗಿ ಮೂಲೆಯ ಮೇಲೆ ನಿಲ್ಲಿಸಿದರೆ ಅನುಮಾನ ಶುರುವಾಗುತ್ತದೆ. ಎರಡನೆಯ ಹಂತದಲ್ಲಿ ಮಾತ್ರ ಮುಖ, ಅಂಚುಗಳ ಲೆಕ್ಕ ಹಿಡಿದು ತೀರ್ಮಾನಿಸುವ ಶಕ್ತಿ ಬರುತ್ತದೆ. ಈ ಏರಿಕೆ ವಯಸ್ಸಿನ ಜೊತೆ ತಾನಾಗಿ ಆಗುವುದಿಲ್ಲ, ಕಲಿಸಿದ ರೀತಿಯಿಂದ ಆಗುತ್ತದೆ ಎಂಬುದೇ ವಾನ್ ಹೀಲೆಯವರ ವಾದದ ತಿರುಳು.

ಆ ಎರಡನೆಯ ಹಂತಕ್ಕೆ ಹತ್ತಿಸುವ ಒಳ್ಳೆಯ ದಾರಿ ಡಬ್ಬಿಯನ್ನು ಬಿಚ್ಚುವುದು. ಟೂತ್‌ಪೇಸ್ಟಿನ ರಟ್ಟಿನ ಪೆಟ್ಟಿಗೆಯ ಅಂಚುಗಳನ್ನು ಕತ್ತರಿಸಿ ನೆಲದ ಮೇಲೆ ಹರಡಿದರೆ ಅದೇ ಜಾಲಾಕೃತಿ. ಆರು ಸಮ ಚೌಕಗಳನ್ನು ಅಂಚಿಗೆ ಅಂಚು ಕೂಡಿಸಿ 35 ಬಗೆಯ ಆಕೃತಿ ಮಾಡಬಹುದು. ಅವುಗಳಲ್ಲಿ ಮಡಚಿದರೆ ಘನವಾಗುವುದು 11 ಮಾತ್ರ. ಎಲ್ಲವನ್ನೂ ಹುಡುಕಬೇಕಿಲ್ಲ. ಯಾವುದು ಮುಚ್ಚುತ್ತದೆ, ಯಾವುದರಲ್ಲಿ ಒಂದು ಮುಖದ ಮೇಲೆ ಇನ್ನೊಂದು ಬಂದು ಕೂರುತ್ತದೆ ಎಂದು ಮಡಚುವ ಮೊದಲೇ ಊಹಿಸುವುದು ಇಲ್ಲಿನ ಕೆಲಸ. ಅಂಚು, ಶೃಂಗಗಳಿಗೆ ಪೊರಕೆ ಕಡ್ಡಿ ಮತ್ತು ಜೇಡಿಮಣ್ಣಿನ ಉಂಡೆ ಸಾಕು: ಘನಕ್ಕೆ ಹನ್ನೆರಡು ಕಡ್ಡಿ, ಎಂಟು ಉಂಡೆ. ಶಂಕುವಿನ ತುದಿ ಶೃಂಗವೇ ಅಲ್ಲವೇ ಎಂಬ ಪ್ರಶ್ನೆಯನ್ನು ಪರೀಕ್ಷೆಯಲ್ಲಿ ಕೇಳದಿರುವುದು ಒಳ್ಳೆಯದು. ಅಂಚುಗಳು ಸೇರುವ ಬಿಂದು ಶೃಂಗ ಎಂಬ ವ್ಯಾಖ್ಯೆಗೆ ಆ ತುದಿ ಹೊಂದುವುದಿಲ್ಲ. ಆದರೂ ಶಾಲೆಗಳಲ್ಲಿ ಹಾಗೆ ಕರೆಯುವುದು ರೂಢಿ.

ಅಳತೆಯ ಪಾಠ ಗೇಣು, ಮೊಳಗಳಿಂದ ಹೊರಡುತ್ತದೆ. ಒಂದೇ ಬೆಂಚು ಶಿಕ್ಷಕಿಯ ಕೈಯಲ್ಲಿ ಆರು ಗೇಣು, ಮಗುವಿನ ಕೈಯಲ್ಲಿ ಒಂಬತ್ತು ಗೇಣು ಬಂದಾಗ, ಎಲ್ಲರಿಗೂ ಒಂದೇ ಆದ ಮಾನ ಯಾಕೆ ಬೇಕೆಂಬುದು ತಿಳಿಯುತ್ತದೆ. ಭಾರತ ಮೆಟ್ರಿಕ್ ಪದ್ಧತಿಯನ್ನು ಕಾನೂನಾಗಿ ಒಪ್ಪಿದ್ದು 1956ರಲ್ಲಿ. ಹೂವಿನ ಅಂಗಡಿಯಲ್ಲಿ ಇಂದಿಗೂ ಮೊಳವೇ ನಡೆಯುತ್ತಿರುವುದು ತರಗತಿಗೆ ಒಳ್ಳೆಯ ಚರ್ಚೆಯ ವಿಷಯ. ಸ್ಕೇಲು ಕೈಗೆ ಬಂದ ಮೇಲೂ ಒಂದು ತಪ್ಪು ಉಳಿದುಕೊಂಡಿರುತ್ತದೆ. ಪೆನ್ಸಿಲನ್ನು 2ರ ಗೆರೆಯಿಂದ 7ರ ಗೆರೆಯವರೆಗೆ ಇಟ್ಟು ಉದ್ದ ಕೇಳಿದರೆ ಕೆಲವರು 7 ಎನ್ನುತ್ತಾರೆ, ಕೆಲವರು 6 ಎನ್ನುತ್ತಾರೆ. ಮೊದಲನೆಯವರು ತುದಿಯ ಅಂಕಿ ಓದಿದ್ದಾರೆ, ಎರಡನೆಯವರು ಗೆರೆಗಳನ್ನು ಎಣಿಸಿದ್ದಾರೆ. ಅಳೆಯಬೇಕಾದ್ದು ಗೆರೆಗಳ ನಡುವಿನ ಜಾಗ. ಉತ್ತರ 5 ಸೆಂ.ಮೀ.

ಪಾತ್ರೆ ಹಿಡಿಸುವ ಪ್ರಮಾಣದ ವಿಷಯದಲ್ಲಿ ಮೋಸ ಹೋಗುವುದು ಕಣ್ಣು. ಎತ್ತರದ ಲೋಟದ ನೀರನ್ನು ಅಗಲ ಬಟ್ಟಲಿಗೆ ಸುರಿದರೆ ನೀರು ಕಡಿಮೆಯಾಯಿತು ಎನ್ನುವ ಸಣ್ಣ ಮಕ್ಕಳನ್ನು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ವಿವರವಾಗಿ ಅಧ್ಯಯನ ಮಾಡಿದ್ದಾರೆ. ಐದನೇ ತರಗತಿಯವರನ್ನೂ ಮೋಸಗೊಳಿಸುವ ಪ್ರಯೋಗ ಒಂದಿದೆ. ಎರಡು ಎ4 ಹಾಳೆ ತೆಗೆದುಕೊಂಡು ಒಂದನ್ನು ಉದ್ದುದ್ದಕ್ಕೆ, ಇನ್ನೊಂದನ್ನು ಅಡ್ಡಕ್ಕೆ ಸುತ್ತಿ ಅಂಟಿಸಬೇಕು. ಎತ್ತರದ ಕೊಳವೆಯನ್ನು ಗಿಡ್ಡ ಕೊಳವೆಯೊಳಗೆ ನಿಲ್ಲಿಸಿ, ಬಾಯಿಯವರೆಗೆ ಮಂಡಕ್ಕಿ ತುಂಬಿ, ಒಳಗಿನದನ್ನು ಮೆಲ್ಲಗೆ ಮೇಲೆತ್ತಿದರೆ ಮಂಡಕ್ಕಿಯೆಲ್ಲ ಗಿಡ್ಡದರೊಳಗೆ ಇಳಿಯುತ್ತದೆ. ಮೇಲೆ ಇನ್ನೂ ಜಾಗ ಉಳಿಯುತ್ತದೆ. ಹಾಳೆ ಅಷ್ಟೇ ಆದರೂ ಗಿಡ್ಡ ಕೊಳವೆ ಸುಮಾರು 1.4 ಪಟ್ಟು ಹೆಚ್ಚು ಹಿಡಿಸುತ್ತದೆ. ಒಂದೇ ಬಟ್ಟೆಯಿಂದ ಹೊಲಿದ ಧಾನ್ಯದ ಚೀಲದ ವಿಷಯದಲ್ಲಿ ಇದೇ ಸಂಗತಿಯನ್ನು ಗೆಲಿಲಿಯೋ 1638ರ ತನ್ನ ಗ್ರಂಥದಲ್ಲಿ ಚರ್ಚಿಸಿದ್ದ. ಇದರ ಬೆನ್ನಿಗೇ ಪ್ರತಿ ಬದಿಯೂ ಒಳಗಡೆ 10 ಸೆಂ.ಮೀ. ಇರುವ ಪೆಟ್ಟಿಗೆಯೊಂದನ್ನು ಮಾಡಿಸಬಹುದು. ಅದರಲ್ಲಿ 1 ಸೆಂ.ಮೀ. ಘನಗಳು 1000 ಹಿಡಿಯುತ್ತವೆ, ನೀರಾದರೆ ಸರಿಯಾಗಿ 1 ಲೀಟರ್.

ಕಲಿತದ್ದನ್ನು ಅಳೆಯುವ ಕೆಲಸ ಕಲಿಸುವುದಕ್ಕಿಂತ ನಾಜೂಕಿನದು. ಉದ್ದಕ್ಕೆ 4, ಅಗಲಕ್ಕೆ 3, ಎತ್ತರಕ್ಕೆ 2ರಂತೆ ಜೋಡಿಸಿದ ಘನಗಳ ರಾಶಿಯ ಚಿತ್ರ ಕೊಟ್ಟು ಒಟ್ಟು ಎಷ್ಟು ಎಂದು ಕೇಳಿದರೆ ಸರಿ ಉತ್ತರ 24. ಇಲ್ಲಿ ತಪ್ಪು ಉತ್ತರಗಳನ್ನೂ ಓದಬೇಕು. 18 ಎಂದ ಮಗು ಕಾಣುವ ಘನಗಳನ್ನಷ್ಟೇ ಎಣಿಸಿದೆ, ಹಿಂದೆ ಮರೆಯಾದ ಆರು ಅದಕ್ಕೆ ಹೊಳೆದಿಲ್ಲ. 26 ಎಂದ ಮಗು ಕಾಣುವ ಚೌಕಗಳನ್ನು ಎಣಿಸಿದೆ. ಮೂಲೆಯಲ್ಲಿರುವ ಒಂದೇ ಘನ ಎರಡು ಮೂರು ಸಲ ಲೆಕ್ಕಕ್ಕೆ ಬಂದಿದೆ. 52 ಎಂದ ಮಗು ಹಿಂದಿನ, ಕೆಳಗಿನ ಮುಖಗಳನ್ನೂ ಊಹಿಸಿದೆ, ಆದರೆ ಎಣಿಸಿದ್ದು ಹೊರಮೈಯನ್ನು. ಮೂವರಿಗೂ ಸೊನ್ನೆ ಕೊಟ್ಟು ಕೈ ತೊಳೆದುಕೊಂಡರೆ ಮೂವರಿಗೆ ಬೇಕಾದ ಬೇರೆ ಬೇರೆ ಪಾಠ ಶಿಕ್ಷಕರಿಗೆ ಗೊತ್ತಾಗುವುದೇ ಇಲ್ಲ. ಮೂವರಿಗೂ ರಾಶಿಯನ್ನು ಪದರ ಪದರವಾಗಿ ಬಿಡಿಸಿ ತೋರಿಸಬೇಕು: ಕೆಳಗಿನ ಪದರದಲ್ಲಿ 12, ಮೇಲಿನದರಲ್ಲಿ 12. ಉದ್ದ, ಅಗಲ, ಎತ್ತರಗಳನ್ನು ಗುಣಿಸುವ ಸೂತ್ರ ಇದಾದ ಮೇಲೆ ಬಂದರೆ ಚೆನ್ನ.

ಕರ್ನಾಟಕದ ಶಾಲೆಗಳಲ್ಲಿ ರೂಪಣಾತ್ಮಕ ಮತ್ತು ಸಂಕಲನಾತ್ಮಕ ಎಂಬ ಎರಡು ಬಗೆಯ ಮೌಲ್ಯಮಾಪನಗಳಿವೆ. ಶಿಕ್ಷಕರ ಬಾಯಲ್ಲಿ ಎಫ್‌ಎ, ಎಸ್‌ಎ. ಘನಾಕೃತಿಯ ಕಲಿಕೆಯನ್ನು ನಿಜವಾಗಿ ತೋರಿಸುವ ಕೆಲಸಗಳು, ಅಂದರೆ ಜಾಲಾಕೃತಿ ಮಡಚುವುದು, ಚೀಲದೊಳಗೆ ಕೈಹಾಕಿ ಮುಟ್ಟಿಯೇ ಆಕೃತಿ ಗುರುತಿಸಿ ಕಾರಣ ಹೇಳುವುದು, ಎಫ್‌ಎ ಚಟುವಟಿಕೆಗೆ ಸಲೀಸಾಗಿ ಹೊಂದುತ್ತವೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು ಗುಂಪಾಗಿ ಕುಳಿತು ಕಲಿಯುವುದರಿಂದ ಕೆಳಗಿನ ತರಗತಿಗಳಲ್ಲಿ ಇದಕ್ಕೆ ಇನ್ನಷ್ಟು ಅನುಕೂಲ. ಸರ್ಕಾರಿ ಶಾಲೆಗಳಿಗೆ ಗಣಿತ ಕಲಿಕಾ ಆಂದೋಲನದ ಮೂಲಕ ಗಣಿತ ಕಿಟ್‌ಗಳೂ ಬಂದಿವೆ. ಬೀರುವಿನಿಂದ ಹೊರಗೆ ಬಂದರೆ ಮಾತ್ರ ಅವು ಉಪಯೋಗ.

ಬರಹದ ಪರೀಕ್ಷೆಯಲ್ಲೂ ಒಳ್ಳೆಯ ಪ್ರಶ್ನೆ ಸಾಧ್ಯ. ಘನಕ್ಕೆ ಎಷ್ಟು ಮುಖ ಎಂಬುದು ನೆನಪಿನ ಪ್ರಶ್ನೆ. ಆರು ಮುಖವಿದ್ದೂ ಘನವಲ್ಲದ ವಸ್ತುವೊಂದನ್ನು ಹೆಸರಿಸಿ ಎಂಬುದು ಯೋಚನೆಯ ಪ್ರಶ್ನೆ. ಒಂದು ಬಿಂದಿಗೆ ಸುಮಾರು ಎಷ್ಟು ನೀರು ಹಿಡಿಸೀತು, 15 ಮಿ.ಲೀ., 15 ಲೀಟರ್, 1500 ಲೀಟರ್ ಎಂದು ಕೇಳಿದರೆ ಮಾನದ ಅಂದಾಜು ಮಗುವಿಗಿದೆಯೇ ಎಂಬುದು ಬಯಲಾಗುತ್ತದೆ. ನಿಜವಾದ ವಸ್ತುವನ್ನು ಅಳೆಯಿಸಿದಾಗ ಇಬ್ಬರು ಮಕ್ಕಳ ಉತ್ತರದಲ್ಲಿ ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆ ಬರುವುದು ಸಹಜ. ಆದ್ದರಿಂದ ಮಾದರಿ ಉತ್ತರದಲ್ಲಿ ಒಂದೇ ಅಂಕಿ ಬರೆದಿಡದೆ, ಇಷ್ಟರಿಂದ ಇಷ್ಟರವರೆಗೆ ಸರಿ ಎಂದು ಬರೆದು, ಸ್ಕೇಲು ಇಟ್ಟ ರೀತಿಗೂ ಮಾನ ಬರೆದದ್ದಕ್ಕೂ ಬೇರೆ ಬೇರೆಯಾಗಿ ಅಂಕ ಹಂಚಬೇಕಾಗುತ್ತದೆ.