ಸಾಕುನಾಯಿಯ ಸಾವು ಮತ್ತು ನಮ್ಮ ಮನಸ್ಸು

ಮನೆಯ ನಾಯಿ ಸತ್ತು ವಾರ ಕಳೆದಿದ್ದರೂ ಸಂಜೆ ಬಾಗಿಲು ತೆರೆಯುವಾಗ ಅದರ ಉಗುರಿನ ಸಪ್ಪಳ ಕೇಳಿದಂತಾಗುವುದುಂಟು. ಇದು ಮತಿಭ್ರಮಣೆಯಲ್ಲ. ನಮ್ಮ ಮಿದುಳು ಇಂದ್ರಿಯಗಳು ತಂದೊಪ್ಪಿಸಿದುದನ್ನು ಸುಮ್ಮನೆ ಸ್ವೀಕರಿಸುವುದಿಲ್ಲ. ಹಿಂದಿನ ಅನುಭವದ ಆಧಾರದಿಂದ ಮುಂದೆ ಬರತಕ್ಕುದನ್ನು ಊಹಿಸುತ್ತಲೇ ಇರುತ್ತದೆ. ಹತ್ತು ವರ್ಷ ದಿನವೂ ನಿಜವಾಗುತ್ತಿದ್ದ ಊಹೆಯನ್ನು ಅದು ಒಂದು ವಾರದಲ್ಲಿ ಬಿಟ್ಟುಕೊಡಲಾರದು.

ಈ ನಂಟಿಗೆ ದೇಹದಲ್ಲಿಯೂ ಬೇರುಗಳಿವೆ. ನಾಯಿಯೂ ಅದರ ಒಡೆಯನೂ ಪರಸ್ಪರ ಬಹಳ ಹೊತ್ತು ದಿಟ್ಟಿಸಿದಾಗ ಇಬ್ಬರಲ್ಲಿಯೂ ಆಕ್ಸಿಟೋಸಿನ್ ಎಂಬ ಹಾರ್ಮೋನು ಹೆಚ್ಚುವುದೆಂದು ಜಪಾನಿನ ವಿಜ್ಞಾನಿಗಳು ೨೦೧೫ರಲ್ಲಿ ಪ್ರಕಟಿಸಿದರು. ತಾಯಿಮಕ್ಕಳ ನಂಟಿನಲ್ಲಿಯೂ ಇದೇ ಹಾರ್ಮೋನಿನ ಪಾತ್ರವಿದೆ.

ಮನುಷ್ಯರು ಸತ್ತರೆ ಸೂತಕವುಂಟು, ಸಮಾಧಾನ ಹೇಳಲು ಬರುವ ನೆಂಟರುಂಟು. ನಾಯಿ ಸತ್ತರೆ ‘ಇನ್ನೊಂದು ತಂದರಾಯಿತು’ ಎಂಬ ಮಾತು! ಸಮಾಜವು ಲೆಕ್ಕಕ್ಕೆ ತೆಗೆದುಕೊಳ್ಳದ ಇಂಥ ದುಃಖಗಳನ್ನು ಅಮೆರಿಕದ ಕೆನೆತ್ ಡೋಕಾ ೧೯೮೯ರ ತಮ್ಮ ಗ್ರಂಥದಲ್ಲಿ ‘ಮಾನ್ಯತೆಯಿಲ್ಲದ ಶೋಕ’ವೆಂದು ವಿವೇಚಿಸಿದರು. ಅಡಗಿಸಬೇಕಾಗಿ ಬಂದ ಶೋಕಕ್ಕೆ ಒಂಟಿತನವೂ ಸೇರಿಕೊಳ್ಳುತ್ತದೆ. ಆದುದರಿಂದ ಸತ್ತ ನಾಯಿಯನ್ನು ಬಲ್ಲವರೊಡನೆ ಅದರ ಮಾತಾಡುವುದನ್ನಾಗಲಿ, ಹೂಳಿದೆಡೆಯಲ್ಲಿ ಗುರುತು ನೆಡುವುದನ್ನಾಗಲಿ ನಾವು ಹುಚ್ಚುತನವೆನ್ನಲಾರೆವು.

ಕನ್ನಡ ನಾಡಿನಲ್ಲಿ ಇಂಥ ಗುರುತನ್ನು ಬಹಿರಂಗವಾಗಿಯೇ ನೆಟ್ಟವರುಂಟು. ತನ್ನ ಪರಾಕ್ರಮಕ್ಕೆ ಮೆಚ್ಚಿದ ಅರಸನಿಂದ ಮಣಲೇರನೆಂಬ ವೀರನು ಬೇಡಿ ಪಡೆದುದು ಕಾಳಿ ಎಂಬ ನಾಯಿಯನ್ನು. ಅದು ಕಾಡುಹಂದಿಯೊಡನೆ ಹೋರಾಡಿ ಮಡಿದಾಗ, ಇಂದಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆಗೆ ಭೂಮಿ ಬಿಡಲಾಯಿತು. ಕ್ರಿ.ಶ. ೯೪೯-೫೦ರ ಆ ಶಾಸನವು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೇಲ್ಭಾಗದಲ್ಲಿ ನಾಯಿಯೂ ಹಂದಿಯೂ ಇನ್ನೂ ಕಾದಾಡುತ್ತಿವೆ.